ಡೈರಿ ಕಾರ್ಡಿನಲ್ಲಿ ಬರೆದ ಲೆಕ್ಕ

ಬ್ಯಾಂಕಿನ ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು ಬಹಳ ಮರ್ಯಾದೆಯಿಂದಲೇ ಕೇಳಿದರು. “ಸರ್, ಅರ್ಜಿಯಲ್ಲಿ ಬೇರೆ ಸಾಲ ಇಲ್ಲ ಅಂತ ಬರೆದಿದ್ದೀರಿ. ಇಲ್ಲಿ ಮೂರು ತೋರಿಸ್ತಿದೆಯಲ್ಲ?”

ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅದರಲ್ಲಿ ಸೈಟಿನ ಪತ್ರದ ಜೆರಾಕ್ಸು, ನನ್ನ ಸಂಬಳದ ಚೀಟಿ, ಇಬ್ಬರ ಆಧಾರ್. ಇದು 2024ರ ಜೂನ್ ಮಾತು. ಕೋಲಾರದ ಟಮಕದ ಕಡೆ ಒಂದು 30-40 ಸೈಟು ನೋಡಿದ್ದೆವು. ಸಾಲ ಕೇಳುವುದಕ್ಕೆಂದು ಅವಳು ಶಾಲೆಗೆ ಅರ್ಧ ದಿನ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನನಗೆ ಮಾತ್ರ ಹದಿನೈದು ದಿನದಿಂದ ನಿದ್ದೆ ಇರಲಿಲ್ಲ. ಬ್ಯಾಂಕಿನವರು ಸಿಬಿಲ್, ಅಂದರೆ ನಮ್ಮ ಸಾಲಗಳ ದಾಖಲೆ, ನೋಡುತ್ತಾರೆ ಅನ್ನುವುದು ಯಾರಿಗೆ ಗೊತ್ತಿಲ್ಲ? ಆದರೂ ಹೋದೆ. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವನು ಸಿಕ್ಕಿಬೀಳುವುದನ್ನೇ ಕಾಯುತ್ತಾನೆ ಅಂತ ಕಾಣುತ್ತದೆ.

ಅವಳು ಏನೂ ಹೇಳಲಿಲ್ಲ. ಫೈಲನ್ನು ಬ್ಯಾಗಿಗೆ ಹಾಕಿಕೊಂಡಳು. “ಆಮೇಲೆ ಬರ್ತೀವಿ ಸರ್” ಅಂದಳು. ಹೊರಗೆ ಬಂದು ಬಸ್ ಸ್ಟ್ಯಾಂಡ್ ಹತ್ತಿರ ಕೊತ್ತಂಬರಿ ಸೊಪ್ಪು ಕೊಂಡಳು. ಒಂದು ಕಟ್ಟಿಗೆ ಹತ್ತು ರೂಪಾಯಿ ಅಂದರೆ, ಎಂಟು ಮಾಡ್ಕೊಳ್ಳಿ ಅಂತ ಚೌಕಾಸಿ ಮಾಡಿದಳು. ಎರಡು ರೂಪಾಯಿ ಉಳಿಯಿತು. ಅದನ್ನು ನೋಡುತ್ತಾ ನಿಂತಾಗ ಹೊಟ್ಟೆಯಲ್ಲಿ ಆದ ಸಂಕಟವನ್ನು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ರಾತ್ರಿ ಮಗಳು ಮಲಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. ಸಾಲ ಎಷ್ಟು ಅಂತ ಅಲ್ಲ.

“ಬಳೆ ಇದಾವಾ?”

ಇರಲಿಲ್ಲ. ನಾಲ್ಕು ಬಳೆ. ಅವಳ ಅಮ್ಮ ಹಾಲು ಮಾರಿದ ದುಡ್ಡು ಕೂಡಿಟ್ಟು ಮದುವೆಗೆ ಮಾಡಿಸಿಕೊಟ್ಟದ್ದು. ವರ್ಷದ ಹಿಂದೆ ನಾನು ಅವನ್ನು ಗಿರವಿ ಅಂಗಡಿಯಲ್ಲಿ 1,10,000ಕ್ಕೆ ಇಟ್ಟಿದ್ದೆ. ಬೀರುವಿನ ಡಬ್ಬಿಯಲ್ಲಿದ್ದದ್ದು ಅದೇ ಡಿಸೈನಿನ ಒಂದು ಗ್ರಾಂ ಗೋಲ್ಡ್ ಬಳೆ. ಅದನ್ನು ಹುಡುಕಿ ತರಲು ಎರಡು ಶನಿವಾರ ಅಂಗಡಿ ಅಂಗಡಿ ಅಲೆದಿದ್ದೆ.

“ಸಂಕ್ರಾಂತಿಗೆ ಹಾಕ್ಕೊಂಡಿದ್ದೆನಲ್ರೀ. ಹಗುರ ಅನ್ನಿಸ್ತು. ನನ್ನ ಕೈಯೇ ದಪ್ಪ ಆಗಿದೆಯೇನೋ ಅಂದ್ಕೊಂಡೆ” ಅಂದಳು.

ಬಳೆ ಹಗುರ ಅನ್ನಿಸಿದಾಗ ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ನನ್ನನ್ನಲ್ಲ. ಎರಡು ವರ್ಷ ಕಳೆದರೂ ನಾನು ಸುತ್ತಿ ಸುತ್ತಿ ಬಂದು ನಿಲ್ಲುವುದು ಈ ಮಾತಿನ ಮುಂದೆಯೇ.

ಬ್ಯಾಂಕಿನವರಿಗೆ ಕಂಡಿದ್ದು ಮೂರು ಸಾಲ. ಎರಡು ಕ್ರೆಡಿಟ್ ಕಾರ್ಡು ಸೇರಿ 2,31,000. ಒಂದು ಫೋನ್ ಆ್ಯಪಿನ ಸಾಲ 64,000. ಗಿರವಿ ಅಂಗಡಿಯದು ಸಿಬಿಲ್‌ನಲ್ಲಿ ಇರಲಿಲ್ಲ, ಅವಳು ಕೇಳಿದ್ದಕ್ಕೆ ಹೊರಬಂತು. ಐದನೆಯದು ಕಂಪನಿಯ ಗೆಳೆಯನ ಹತ್ತಿರ ತೆಗೆದುಕೊಂಡ 40,000. ಅದನ್ನು ಆ ರಾತ್ರಿಯೂ ಹೇಳಲಿಲ್ಲ. ಇಷ್ಟು ಹೇಳಿದ್ದೇ ಜಾಸ್ತಿ ಆಯ್ತು, ಇದೊಂದನ್ನು ಸದ್ದಿಲ್ಲದೆ ತೀರಿಸಿಬಿಡೋಣ ಅಂದುಕೊಂಡೆ. ಹನ್ನೊಂದನೇ ದಿನ ಅವನು ಮನೆಗೇ ಫೋನ್ ಮಾಡಿದ.

“ನೀವು ನಿಜ ಹೇಳೋದಕ್ಕೂ ಇಎಂಐ ಇದೆಯಾ?” ಅಂದಳು ಅವಳು.

ಯಾರಾದರೂ ಇಂಥ ಗುಂಡಿಯಲ್ಲಿ ಇದ್ದು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಹೇಳುವುದಾದರೆ ಎಲ್ಲವನ್ನೂ ಒಂದೇ ಸಲ ಹೇಳಿಬಿಡಿ. ಮೊದಲ ರಾತ್ರಿಯ 4,05,000ಕ್ಕಿಂತ ಆಮೇಲೆ ಬಂದ ಆ 40,000 ನಮ್ಮ ಮನೆಗೆ ಜಾಸ್ತಿ ಪೆಟ್ಟು ಕೊಟ್ಟಿತು. ಮೊದಲನೆಯದನ್ನು ಕೇಳಿ ಅತ್ತಳು. ಎರಡನೆಯದಕ್ಕೆ ಅಳಲಿಲ್ಲ. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ “ಮತ್ತೆ?” ಅನ್ನುತ್ತಿದ್ದಳು. ಬಸ್ ಲೇಟು ಅಂದರೂ “ಮತ್ತೆ?”

ದುಡ್ಡು ಎಲ್ಲಿ ಹೋಯಿತು ಅಂತ ಎಲ್ಲರೂ ಕೇಳಿದರು. ಅತ್ತೆ ಕೇಳಿದರು, ಭಾವಮೈದ ಕೇಳಿದ, ನನ್ನ ಅಕ್ಕ ಕೇಳಿದಳು. ಕುಡಿತ ಅಂದಿದ್ದರೆ ಅರ್ಥವಾಗುತ್ತಿತ್ತು. ಇಸ್ಪೀಟು, ಆನ್‌ಲೈನ್ ಆಟ, ಬೇರೆ ಸಂಬಂಧ ಇವಕ್ಕೆಲ್ಲ ನಮ್ಮ ಕಡೆ ಸಿದ್ಧವಾದ ಬೈಗುಳಗಳೂ ಇವೆ, ಸಿದ್ಧವಾದ ಸಮಾಧಾನಗಳೂ ಇವೆ. ನನ್ನದು ಯಾವ ಲೆಕ್ಕಕ್ಕೂ ಬರಲಿಲ್ಲ. ನಾನು ಹಾಳಾದದ್ದು ದೊಡ್ಡಸ್ತಿಕೆಯಿಂದ.

ಮುಯ್ಯಿ ಗೊತ್ತಲ್ಲ. ಮದುವೆ ಮನೆಯಲ್ಲಿ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಅದರ ಹಿಂದೆ ಊರಿನ ಒಬ್ಬ ನಂಬಿಕಸ್ಥ ಮನುಷ್ಯ. ಹೆಸರು, ಊರು, ಮೊತ್ತ. ಅವರು ನಮ್ಮ ಮನೆ ಕಾರ್ಯಕ್ಕೆ 500 ಹಾಕಿದ್ದರೆ ನಾವು ಅವರ ಮನೆ ಕಾರ್ಯಕ್ಕೆ ಅಷ್ಟೋ, ಸ್ವಲ್ಪ ಜಾಸ್ತಿಯೋ ಹಾಕಬೇಕು. ಒಂದು ಲೆಕ್ಕದಲ್ಲಿ ಅದು ಬಡ್ಡಿಯಿಲ್ಲದ ಸಾಲದ ಪುಸ್ತಕವೇ. ನಾನು ಕಣ್ಣು ಮುಚ್ಚಿ 5,000 ಹಾಕುತ್ತಿದ್ದೆ. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಅಂದರೆ ಊರಿನವರು ಲಕ್ಷ ರೂಪಾಯಿ ಸಂಬಳ ಅಂದುಕೊಂಡಿದ್ದರು. ನನ್ನ ಕೈಗೆ ಬರುತ್ತಿದ್ದದ್ದು 46,000. ಇಲ್ಲಪ್ಪ, ಅಷ್ಟು ಬರಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಅವರ ಅಂದಾಜಿಗೆ ಸರಿಯಾಗಿ ಖರ್ಚು ಮಾಡುತ್ತಾ ಹೋದೆ. ನನ್ನಿಂದ 5,000 ಹಾಕಿಸಿಕೊಂಡವರು ಮುಂದೆ ನಮ್ಮ ಮನೆಗೆ 5,000 ಹಾಕಬೇಕಲ್ಲ, ಅವರಿಗೆ ಎಷ್ಟು ಕಷ್ಟ ಅಂತ ಕೂಡ ಹೊಳೆಯಲಿಲ್ಲ.

ಹೀಗೇ ಮಿಕ್ಕಿದ್ದು. ಚಿಂತಾಮಣಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಫ್ರಿಜ್ಜು. ಅವಳ ಮಗನ ಕಾಲೇಜು ಫೀಸು. ಹೈವೇ ಡಾಬಾದಲ್ಲಿ ಹತ್ತು ಜನ ಕೂತು ತಿಂದರೆ ಬಿಲ್ಲು ನನ್ನ ಕಡೆ. ಒಂದು ಹೊಸ ಬೈಕು, ಅದನ್ನು ಕಂಪನಿ ಕೊಟ್ಟ ಬೋನಸ್ ಅಂತ ಮನೆಯಲ್ಲಿ ಹೇಳಿದ್ದು. ಅಂದಹಾಗೆ ಕಂಪನಿಯಲ್ಲಿ ನನ್ನದು ಕ್ವಾಲಿಟಿ ವಿಭಾಗ. ಕೂದಲೆಳೆಯಷ್ಟು ವ್ಯತ್ಯಾಸ ಬಂದ ಬಿಡಿಭಾಗಕ್ಕೂ ಕೆಂಪು ಟ್ಯಾಗ್ ಹಾಕಿ ಪಕ್ಕಕ್ಕಿಡುವುದು ನನ್ನ ಕೆಲಸ. ನಗಬೇಡಿ.

ಕಾರ್ಡಿನ ಲೆಕ್ಕ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ನನಗೇ ಅದು ಸರಿಯಾಗಿ ಗೊತ್ತಾದದ್ದು ಸಿಕ್ಕಿಬಿದ್ದ ಮೇಲೆ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ಒಂದು ಲಕ್ಷ ಬಾಕಿ ಇದ್ದರೆ ತಿಂಗಳ ಬಡ್ಡಿ 3,500. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಇನ್ನೂ 630. ನಾನು ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಂತ 5,000 ಕಟ್ಟಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಅದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 870 ರೂಪಾಯಿ. ಇನ್ನೊಂದಿದೆ. ಪೂರ್ತಿ ಬಾಕಿ ಕಟ್ಟದೆ ಉಳಿಸಿಕೊಂಡರೆ, ಆಮೇಲೆ ಮಾಡುವ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳ ರಿಯಾಯಿತಿ ಇರುವುದಿಲ್ಲ. ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಬಂತು. ಅಲ್ಲಿಂದ ಉಜ್ಜುವುದೂ ಬೇಡವಾಯಿತು. ಟೀ ಅಂಗಡಿಯ ಕ್ಯೂಆರ್ ಕೋಡಿಗೂ ಕ್ರೆಡಿಟ್ ಕಾರ್ಡೇ. ವರ್ಷಕ್ಕೆ ಶೇ. 42 ಬಡ್ಡಿಯಲ್ಲಿ ಹತ್ತು ರೂಪಾಯಿ ಟೀ ಕುಡಿದ ಮಹಾಶಯ ನಾನು.

ತೀರಿಸಿಬಿಡುತ್ತೇನೆ ಅನ್ನುವ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಇದು ನಮ್ಮ ಕೋಲಾರದ ಟೊಮೆಟೊ ಲೆಕ್ಕ. ಒಂದು ಬೆಳೆ ಕೈಗೆ ಹತ್ತಿದರೆ ಸಾಕು, ಎಲ್ಲ ಸಾಲ ಚುಕ್ತಾ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಭಾವಮೈದ ಆ ವರ್ಷ ಗೆದ್ದ. ಅದಕ್ಕೆ ಮುಂಚೆ ಕೊಯ್ಯುವ ಕೂಲಿಯೂ ಗಿಟ್ಟದೆ ತೋಟದಲ್ಲೇ ಹಣ್ಣು ಕೊಳೆಯಲು ಬಿಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಅವನಿಗೆ ಕನಿಷ್ಠ ತೋಟ ಇತ್ತು. ನಾನು ಏನನ್ನೂ ನೆಡದೆ ಬೆಳೆಗೆ ಕಾಯುತ್ತಿದ್ದವನು.

ಮೊದಲು ಇಬ್ಬರೂ ಕೂತು ಇಬ್ಬರ ಸಿಬಿಲ್ ವರದಿ ತೆಗೆದೆವು. ಸಾಲದ ಮಾಹಿತಿ ಇಡುವ ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಮ್ಮದನ್ನು ನಾವೇ ನೋಡಿದರೆ ಸ್ಕೋರು ಕಡಿಮೆಯಾಗುವುದೂ ಇಲ್ಲ. ಅವಳ ವರದಿ ಖಾಲಿ ಇತ್ತು. ನನ್ನದು ಆರು ಪುಟ. ಅವಳು ಶಾಲೆಯಲ್ಲಿ ಮಕ್ಕಳ ಪುಸ್ತಕ ತಿದ್ದುವ ಹಾಗೆ ಪ್ರತಿ ಸಾಲಿನ ಕೆಳಗೂ ಪೆನ್ನು ಓಡಿಸುತ್ತಾ ಓದಿದಳು.

ನನಗೆ ಮೊದಲು ಬಳೆ ಬಿಡಿಸಬೇಕು ಅಂತ. ಬೈಕು ಮಾರಿದರೆ 70,000 ಬರುತ್ತದೆ, ಉಳಿದದ್ದನ್ನು ಹೇಗಾದರೂ ಹೊಂದಿಸಿ ಬಳೆ ತಂದು ಅವಳ ಕೈಗೆ ಹಾಕಿಬಿಡುತ್ತೇನೆ ಅಂದೆ.

“ಬೇಡ. ಅದು ನಿಮ್ಮ ಸಮಾಧಾನಕ್ಕೆ. ಗಿರವಿಗೆ ತಿಂಗಳಿಗೆ ಎರಡು ಪರ್ಸೆಂಟು, ಕಾರ್ಡಿಗೆ ಮೂರೂವರೆ. ಮೊದಲು ಬೆಂಕಿ ಜಾಸ್ತಿ ಇರೋ ಕಡೆ ನೀರು ಹಾಕಿ” ಅಂದಳು. ಬಳೆ ಕಳೆದುಕೊಂಡವಳು ಅವಳು. ಬಳೆಯನ್ನು ಕೊನೆಗೆ ಇಟ್ಟವಳೂ ಅವಳೇ. ಪಶ್ಚಾತ್ತಾಪದಲ್ಲೂ ನನ್ನ ದೊಡ್ಡಸ್ತಿಕೆ ಹೋಗಿರಲಿಲ್ಲ ಅಂತ ಗೊತ್ತಾದದ್ದು ಆಗ.

ಬೈಕಿನ ದುಡ್ಡಿನಲ್ಲಿ ಆ್ಯಪಿನ ಸಾಲ ಮುಗಿಯಿತು. ಕಾರ್ಡಿನ ಬಾಕಿಯನ್ನು ಬ್ಯಾಂಕಿಗೆ ಹೇಳಿ ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಸಿಕೊಂಡೆವು. ಒಂದು ಕಾರ್ಡಿನ ಕಡೆಯಿಂದ ಒಬ್ಬರು ಫೋನ್ ಮಾಡಿ, ಅರ್ಧ ಕಟ್ಟಿ ಸಾಕು, ಸೆಟಲ್‌ಮೆಂಟ್ ಮಾಡಿಕೊಡ್ತೀವಿ ಅಂದರು. ನನಗೆ ಬಾಯಲ್ಲಿ ನೀರೂರಿತು. ಹಾಗೆ ಮಾಡಿದರೆ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬೀಳುತ್ತದೆ, ಮುಂದೆ ಸಾಲ ಕೇಳಲು ಹೋದಾಗ ಅದೇ ಕಾಲಿಗೆ ತೊಡರುತ್ತದೆ ಅಂತ ಅವಳೇ ಎಲ್ಲೋ ಓದಿಕೊಂಡಿದ್ದಳು. ಪೂರ್ತಿ ಕಟ್ಟಿದೆವು. ಬಾಕಿ ತೀರಿಸಿ, ಕಾರ್ಡು ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಲೇಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು. ಇದೂ ಅವಳಿಂದಲೇ ಗೊತ್ತಾಯಿತು. ಅವಳ 15,000 ಸಂಬಳ ಮನೆಗೆ, ನನ್ನದರಲ್ಲಿ ತಿಂಗಳಿಗೆ 25,000 ಸಾಲಕ್ಕೆ. ಎಲ್ಲ ಸೇರಿ 19 ತಿಂಗಳು ಹಿಡಿಯಿತು. ದುಡ್ಡಿನ ಕತೆ ಇಷ್ಟೇ. ಅದು ಸುಲಭದ್ದು. ಎಷ್ಟು ಅಂತ ಗೊತ್ತಿರುತ್ತದೆ, ಯಾವಾಗ ಮುಗಿಯುತ್ತದೆ ಅಂತಲೂ ಗೊತ್ತಿರುತ್ತದೆ.

ಇನ್ನೊಂದಕ್ಕೆ ಇವೆರಡೂ ಇಲ್ಲ.

ಜುಲೈ ಮೊದಲ ಭಾನುವಾರ ನಾನು ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟು ಮಾಡಿ ತೋರಿಸಿದೆ. ಹಸಿರು, ಹಳದಿ, ಕೆಂಪು ಬಣ್ಣ. ಖರ್ಚಿಗೆ ಹನ್ನೆರಡು ವಿಭಾಗ. ಮೂಲೆಯಲ್ಲಿ ಒಂದು ಗ್ರಾಫು. ಅವಳು ಪೂರ್ತಿ ನೋಡಿ, “ಚೆನ್ನಾಗಿದೆ. ನಿಮ್ಮ ಮ್ಯಾನೇಜರಿಗೆ ತೋರಿಸಿ” ಅಂದಳು. ಒಳಗೆ ಹೋಗಿ ತನ್ನ ಹಳೇ ಪೆಟ್ಟಿಗೆಯಿಂದ ಒಂದು ಹಾಲಿನ ಡೈರಿ ಕಾರ್ಡು ತಂದಳು.

ಅವಳದು ಮುಳಬಾಗಿಲು ಕಡೆಯ ಹಳ್ಳಿ. ಅತ್ತೆ ಎರಡು ಸೀಮೆಹಸು ಸಾಕಿ ಮಕ್ಕಳನ್ನು ಓದಿಸಿದವರು. ನಮ್ಮ ಜಿಲ್ಲೆಯಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಹಾಲಿನ ಡೈರಿ ಮಾತ್ರ ನಡೆಯುತ್ತಲೇ ಇದೆ. ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಈಗ ಯಂತ್ರದಿಂದ ಚೀಟಿ ಬರುತ್ತದೆ. ಅವಳು ಚಿಕ್ಕವಳಿದ್ದಾಗ ಕಾರ್ಡಿನ ಮೇಲೆ ಕೈಯಲ್ಲೇ ಬರೆದುಕೊಡುತ್ತಿದ್ದರು. ತಾರೀಖು, ಲೀಟರು, ಫ್ಯಾಟು. ಅತ್ತೆಗೆ ಓದು ಬರುವುದಿಲ್ಲ. ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತು, ಬರೆದ ಸಂಖ್ಯೆಯನ್ನು ಜೋರಾಗಿ ಓದಿ ಹೇಳಬೇಕಿತ್ತು. ಬಟವಾಡೆಯ ದಿನ ಕೂಡಿ ನೋಡುವುದೂ ಅವಳೇ.

“ಹಾಲು ಅಳೆದ ತಕ್ಷಣ ಬರೀಬೇಕು. ಎಲ್ಲರ ಎದುರಿಗೆ. ಮನೆಗೆ ಹೋಗಿ ಬರೆದರೆ ಅದು ಲೆಕ್ಕ ಅಲ್ಲ, ಕತೆ” ಅಂದಳು.

ಹಾಗೆ ನಮ್ಮ ಮನೆಯಲ್ಲಿ ಡೈರಿ ಕಾರ್ಡು ಶುರುವಾಯಿತು. ಹಳೆಯದನ್ನು ನೋಡಿಕೊಂಡು ರಟ್ಟಿನ ಮೇಲೆ ಗೆರೆ ಹಾಕಿದಳು. ಬೆಳಗ್ಗೆ, ಸಾಯಂಕಾಲ, ಎರಡು ಮನೆ. ನಾನು ಖರ್ಚು ಮಾಡಿದ್ದನ್ನು ಅವಳ ಎದುರಿಗೆ ಬರೆಯಬೇಕು. ಅವಳದ್ದನ್ನು ಅವಳು ನನ್ನ ಎದುರಿಗೆ. ಇಪ್ಪತ್ತು ರೂಪಾಯಿ ಇಡ್ಲಿಯೂ ಬರಬೇಕು. ಮೊದಲ ವಾರ ಪರೀಕ್ಷೆಗೆ ಕೂತ ಹಾಗಿತ್ತು. ಸಾವಿರಗಳನ್ನು ಸುಳ್ಳು ಹೇಳಿ ಮುಚ್ಚಿದವನಿಗೆ ಇಪ್ಪತ್ತು ರೂಪಾಯಿ ನಿಜ ಹೇಳುವಾಗ ನಾಲಿಗೆ ತಡವರಿಸುತ್ತದೆ ಅಂದರೆ ನಂಬುತ್ತೀರಾ? ಡಾಬಾಕ್ಕೆ ಹೋಗಲಿಲ್ಲ, ಒಂದು ವಡೆ ತಿಂದೆ ಅಂತ ಹೇಳುವುದರಲ್ಲಿ ಏನು ನಾಚಿಕೆ? ಇತ್ತು. ಸಣ್ಣ ಖರ್ಚು ಮಾಡುವ ಮನುಷ್ಯನಾಗಿ ಅವಳ ಮುಂದೆ ನಿಂತು ನನಗೆ ಅಭ್ಯಾಸವೇ ಇರಲಿಲ್ಲ.

ನಿಧಾನಕ್ಕೆ ಡೈರಿಯ ಮಾತುಗಳೂ ಮನೆಯೊಳಗೆ ಬಂದವು. ನಾನು ಸುತ್ತಿ ಬಳಸಿ ಏನಾದರೂ ಹೇಳಿದರೆ, “ನೀರು ಬೆರೆಸ್ತಿದೀರಾ?” ಅನ್ನುತ್ತಿದ್ದಳು. ಮೊದಮೊದಲು ಕೋಪದಲ್ಲಿ, ಆಮೇಲೆ ತಮಾಷೆಗೆ. ಕೋಪ ಯಾವಾಗ ತಮಾಷೆಯಾಯಿತು ಅಂತ ಗೊತ್ತಿಲ್ಲ. ಆ ತಾರೀಖು ಕಾರ್ಡಿನಲ್ಲಿ ಇಲ್ಲ.

ಎಲ್ಲ ಹೀಗೇ ಸರಾಗವಾಗಿತ್ತು ಅಂತಲ್ಲ. ಫೋನಿನ ವಿಷಯದಲ್ಲಿ ಇಬ್ಬರೂ ಎಡವಿದೆವು. ನಾನೇ ದೊಡ್ಡ ಮನಸ್ಸಿನಿಂದ ಎಲ್ಲ ಪಿನ್ನು, ಪಾಸ್‌ವರ್ಡು ಕೊಟ್ಟು, ಯಾವಾಗ ಬೇಕಾದರೂ ನೋಡು ಅಂದೆ. ಅವಳು ನೋಡಿದಳು. ರಾತ್ರಿ ಎರಡು ಗಂಟೆಗೆ ನೋಡಿದಳು. ನಾನು ಸ್ನಾನಕ್ಕೆ ಹೋದಾಗ ನೋಡಿದಳು. ಶಾಲೆಯಲ್ಲಿ ಪಾಠದ ಮಧ್ಯೆ ನನ್ನ ಖಾತೆ ತೆರೆದು ನೋಡಿದಳು. ಒಂದು ದಿನ ಮಗಳು ಪಕ್ಕದ ಮನೆಯವರಿಗೆ, “ನಮ್ಮಮ್ಮ ಅಪ್ಪನ ಫೋನಿಗೆ ಪೊಲೀಸ್” ಅಂದುಬಿಟ್ಟಳು. ಅವರು ನಕ್ಕರು. ಇವಳು ನಗಲಿಲ್ಲ.

ಅದೇ ವಾರ ಕೋಲಾರಮ್ಮನ ಗುಡಿಗೆ ಹೋಗಿದ್ದೆವು. ಅಲ್ಲಿ ಚೇಳಮ್ಮನ ಸನ್ನಿಧಿ ಇದೆ, ಚೇಳಿನ ಕಾಟ ಬೇಡ ಅಂತ ಜನ ಹರಕೆ ಹೊರುತ್ತಾರೆ. ಅಲ್ಲಿನ ಹುಂಡಿ ನೆಲದೊಳಗೇ ಇದೆ. ಕಾಣಿಕೆ ಹಾಕಿದರೆ ಕತ್ತಲೆಯೊಳಗೆ ಹೋಗುತ್ತದೆ. ಅದನ್ನು ತೆರೆದವರೇ ಇಲ್ಲ ಅಂತ ಹೇಳುತ್ತಾರೆ. ನಾನು ಸುಮ್ನೆ ಇರಲಾರದೆ, “ನನ್ನ ಕ್ರೆಡಿಟ್ ಕಾರ್ಡೂ ಹೀಗೇ ಇತ್ತು” ಅಂದೆ. ತಮಾಷೆ ಮಾಡಲು ಹೋಗಿದ್ದು.

“ಇಲ್ಲ. ಇಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ ಹುಂಡಿ ಇದೆ ಅಂತ ಎಲ್ಲರಿಗೂ ಗೊತ್ತು” ಅಂದಳು. ಅವಳು ಏನು ಹೇಳುತ್ತಿದ್ದಾಳೆ ಅಂತ ಆಗ ನನಗೆ ಅರ್ಥವಾಗಲಿಲ್ಲ.

ನವೆಂಬರಿನಲ್ಲಿ ಜಾರಿದೆ. ಜೊತೆ ಕೆಲಸ ಮಾಡುವವನ ಮಗುವಿನ ನಾಮಕರಣ. ನಾನೊಬ್ಬನೇ ಹೋಗಿದ್ದೆ. ಸಾಲಿನಲ್ಲಿ ಮುಂದಿದ್ದವನು 3,000 ಹಾಕಿದ. ಕವರಿನಲ್ಲಿ 500 ಇಟ್ಟುಕೊಂಡು ಹೋಗಿದ್ದ ನಾನು, ಜೇಬಿನಲ್ಲಿ ಗ್ಯಾಸಿಗೆ, ತರಕಾರಿಗೆ ಅಂತ ಇದ್ದದ್ದನ್ನೆಲ್ಲ ಸೇರಿಸಿ 2,500 ಹಾಕಿಬಿಟ್ಟೆ. ಕಾರ್ಡಿನಲ್ಲಿ 500 ಅಂತ ಬರೆದೆ. ಅವಳ ಎದುರಿಗೇ ಬರೆದೆ. ಎದುರಿಗೆ ಬರೆದ ಮಾತ್ರಕ್ಕೆ ಲೆಕ್ಕ ನಿಜವಾಗುವುದಿಲ್ಲ ನೋಡಿ.

ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ಬೆಳಗ್ಗೆ ಅವಳು ಮಗಳಿಗೆ ಜಡೆ ಹಾಕುತ್ತಿದ್ದಾಗ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಮಗಳನ್ನು ಆಟೋ ಹತ್ತಿಸಿ ಒಳಗೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ.

“ಯಾರೂ ಕೇಳದೆ ಹೇಳಿದ್ದು ಇದೇ ಮೊದಲು” ಅಂದಳು. ಆಮೇಲೆ ಬೈದಳು. ಚೆನ್ನಾಗಿಯೇ ಬೈದಳು.

ಆ ಬೈಗುಳದ ನಡುವೆ ಎಂಟು ವರ್ಷ ಹಳೆಯ ಒಂದು ಮಾತು ಎದ್ದು ಬಂತು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾಯಿತಲ್ಲ, ಆಗ ಅವಳ ಸಾಸಿವೆ ಡಬ್ಬಿಯ ದುಡ್ಡು ಹೊರಬಂದಿತ್ತು. 18,500 ರೂಪಾಯಿ. ಆ ವಾರ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಗಂಟು ಹೀಗೇ ಬಯಲಾಯಿತು. ಬ್ಯಾಂಕಿನ ಸಾಲಿನಲ್ಲಿ ಗಂಡಸರೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ನಾನಂತೂ ಹೋದ ಹೋದ ಮದುವೆಯಲ್ಲೆಲ್ಲ ಹೇಳಿದೆ, ನನ್ನ ಹೆಂಡತಿ ಸಾಸಿವೆಯಲ್ಲಿ ಬ್ಯಾಂಕು ಇಟ್ಟಿದ್ದಳು ಅಂತ. ಆ ದುಡ್ಡನ್ನು ನನ್ನ ಖಾತೆಗೆ ಕಟ್ಟಿದೆವು. ಅದು ಏನಾಯಿತು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮತ್ತೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಉಳಿಯಿತು.

“ನಾನು ಬಚ್ಚಿಟ್ಟಿದ್ದು ಮಗು ಹುಷಾರು ತಪ್ಪಿದರೆ ಇರಲಿ ಅಂತ. ಅದಕ್ಕೆ ಊರೆಲ್ಲ ನಕ್ಕಿತು. ನೀವು ಬಚ್ಚಿಟ್ಟಿದ್ದಕ್ಕೆ ಊಟ ಬಿಟ್ಟು ಅಳ್ತಿರೋಳೂ ನಾನೇ” ಅಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹೆಂಗಸರು ಬಚ್ಚಿಟ್ಟರೆ ಜಾಣತನದ ಜೋಕು, ಗಂಡಸರು ಬಚ್ಚಿಟ್ಟರೆ ‘ಅವನ ಟೆನ್ಶನ್ ಅವನಿಗೆ’. ಎರಡು ಕಡೆಯೂ ಖರ್ಚು ಹೊರುವವಳು ಒಬ್ಬಳೇ.

ಆ ದಿನದಿಂದ ಕಾರ್ಡಿನಲ್ಲಿ ಒಂದು ಸಾಲು ಹೊಸದಾಗಿ ಸೇರಿತು. ತಿಂಗಳಿಗೆ 1,500 ಅವಳದು, 1,500 ನನ್ನದು. ಅದರ ಲೆಕ್ಕ ಬರೆಯುವಂತಿಲ್ಲ, ಕೇಳುವಂತಿಲ್ಲ. ಅವಳದು ಅವಳ ಹೆಸರಿನ ಬೇರೆ ಖಾತೆಗೆ. ಗುಡಿಯಲ್ಲಿ ಅವಳು ಹೇಳಿದ ಹುಂಡಿಯ ಮಾತು ಆಗ ತಲೆಗೆ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಒಂದು ರಾತ್ರಿ ನನ್ನ ಫೋನನ್ನು ದಿಂಬಿನ ಪಕ್ಕ ಇಟ್ಟು, “ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ. ನನಗೆ ನಿದ್ದೆ ಬೇಕು” ಅಂದಳು. ಅದು ನಂಬಿಕೆಯೋ ಸುಸ್ತೋ ಅಂತ ನಾನು ಕೇಳಲು ಹೋಗಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇರಬೇಕು.

ಅತ್ತೆಗೆ ವಿಷಯ ತಿಳಿದದ್ದು ಅವರು ಅವರೆಕಾಯಿ ಮೂಟೆ ಹೊತ್ತುಕೊಂಡು ನಮ್ಮ ಮನೆಗೆ ಬಂದಾಗ. ಭಾವಮೈದ ಮೊದಲೇ ಕೂಗಾಡಿದ್ದ, ಕೇಸ್ ಹಾಕಿಸ್ತೀನಿ ಅಂದಿದ್ದ. ಅವನು ಅಂದದ್ದರಲ್ಲಿ ತಪ್ಪಿರಲಿಲ್ಲ. ನಾವು ಸಿಕ್ಕಿಬಿದ್ದ ವರ್ಷವೇ, 2024ರ ಏಪ್ರಿಲ್‌ನಲ್ಲಿ, ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತ್ತು. ಸ್ತ್ರೀಧನ ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ, ಅದು ಹೆಂಡತಿಯದೇ. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ಹೊಣೆ ಅವನದು. ನನ್ನದು ಕಷ್ಟಕಾಲವೂ ಆಗಿರಲಿಲ್ಲ. ಕೇಳಿಯೂ ತೆಗೆದುಕೊಂಡಿರಲಿಲ್ಲ.

ಅತ್ತೆ ಮಾತ್ರ ಕೂಗಾಡಲಿಲ್ಲ. ಅವರೆಕಾಯಿ ಸುಲಿಯುತ್ತಾ ಬಹಳ ಹೊತ್ತು ಸುಮ್ಮನಿದ್ದರು.

“ಅಳಿಯಂದ್ರೇ, ಹಸು ಒಂದ್ಸಲ ಒದ್ದರೆ ಕರೆಯೋದು ಬಿಡಕ್ಕಾಗಲ್ಲ. ಆದ್ರೆ ಮಾರನೇ ದಿನದಿಂದ ಕಾಲು ಕಟ್ಟಿ ಕರೀತೀವಿ. ಎಷ್ಟು ದಿನ ಕಟ್ಟಬೇಕು ಅನ್ನೋದು ಹಸೂಗೆ ಬಿಟ್ಟಿದ್ದು” ಅಂದರು. ಮತ್ತೆ ಅದರ ಬಗ್ಗೆ ಮಾತೆತ್ತಿಲ್ಲ.

ಬಳೆ ಬಿಡಿಸಿಕೊಂಡು ಬಂದದ್ದು ಈ ಜನವರಿಯಲ್ಲಿ. ಇಬ್ಬರೂ ಹೋಗಿದ್ದೆವು. ಅಂಗಡಿಯವರು ತೂಕ ಹಾಕಿ, ಚೀಟಿ ಹರಿದು ಕೊಟ್ಟರು. ಅವಳು ನಾಲ್ಕನ್ನೂ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಭಾರ ನೋಡಿದಳು. ಹಾಕಿಕೊಳ್ಳುತ್ತಾಳೆ ಅಂತ ಕಾದೆ. ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿದಳು. ಅಲ್ಲಿಂದ ಸೀದಾ ಬ್ಯಾಂಕಿಗೆ ಹೋಗಿ, ತನ್ನ ಒಬ್ಬಳ ಹೆಸರಿನಲ್ಲಿ ತೆಗೆದ ಲಾಕರಿನಲ್ಲಿ ಇಟ್ಟು ಬಂದಳು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು. 19 ತಿಂಗಳು ಆದ ಮೇಲೂ ಇಷ್ಟೇನಾ ಅನ್ನಿಸಿತು. ವಾಪಸ್ ಬರುವಾಗ ಅವಳೇ, “ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣ್ರೀ. ನಂದು ನನ್ನ ಹತ್ರ ಇರಲಿ ಅಂತ” ಅಂದಳು. ಡಬಲ್ ರೋಡಿನಲ್ಲಿ ಇಬ್ಬರೂ ಕಬ್ಬಿನ ಹಾಲು ಕುಡಿದೆವು. ನಲವತ್ತು ರೂಪಾಯಿ. ಬರೆದೆವು.

ಸೈಟು ಬೇರೆಯವರಿಗೆ ಹೋಯಿತು. ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. “ಮತ್ತೆ?” ಅನ್ನುವುದು ಪೂರ್ತಿ ನಿಂತಿಲ್ಲ. ತಿಂಗಳಲ್ಲಿ ಒಂದೆರಡು ಸಲ ಬರುತ್ತದೆ. ಬರಲಿ.

ಹೋದ ತಿಂಗಳು ಬಂಗಾರಪೇಟೆಯಲ್ಲಿ ನಮ್ಮೂರಿನವರ ಒಂದು ಮದುವೆ. ಛತ್ರದ ಹೊರಗೆ ಸ್ಕೂಟರ್ ನಿಲ್ಲಿಸಿ, “ಎಷ್ಟು ಹಾಕೋಣ?” ಅಂದೆ. ಅವಳು ಯೋಚನೆ ಮಾಡಿ, “ಪಾಪು ನಾಮಕರಣಕ್ಕೆ ಅವರು 300 ಹಾಕಿದ್ರು. 500 ಹಾಕಿ” ಅಂದಳು.

ಮುಯ್ಯಿ ಮೇಜಿನ ಹಿಂದೆ ಊರಿನ ಹಿರಿಯರೊಬ್ಬರು. ವರ್ಷಗಳಿಂದ ಅವರೇ ಬರೆಯುವುದು. ನನ್ನ ಮುಖ ನೋಡಿದ ತಕ್ಷಣ ಹೆಸರು ಬರೆದು, ಪಕ್ಕದಲ್ಲಿ ಐದು ಹಾಕಿ, ಸೊನ್ನೆ ಸುತ್ತಲು ಶುರು ಮಾಡಿದರು.

“ಐನೂರು, ಅಣ್ಣ” ಅಂದೆ.

ಅವರು ಪೆನ್ನು ನಿಲ್ಲಿಸಿ ನೋಟು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೂರನೇ ಸೊನ್ನೆಯ ಮೇಲೆ ಗೆರೆ ಎಳೆದು, “ಮೈಗೆ ಹುಷಾರಾಗಿದೀಯೇನಪ್ಪ?” ಅಂದರು. ನಿಜವಾದ ಕಾಳಜಿಯಿಂದಲೇ ಕೇಳಿದ್ದು.

ಪಕ್ಕದಲ್ಲಿ ಅವರ ಹೆಂಡತಿ ಎಲೆ ಅಡಿಕೆ ಜೋಡಿಸುತ್ತಿದ್ದರು. ಅವರ ಕಣ್ಣು ನನ್ನ ಹೆಂಡತಿಯ ಕೈಯ ಮೇಲೆ. “ಬಳೆ ಚೆನ್ನಾಗಿದಾವೆ ಕಣಮ್ಮ. ಅಮ್ಮ ಮಾಡಿಸಿದ್ದಲ್ವಾ?” ಅಂದರು. ಆಗಲೇ ನಾನೂ ನೋಡಿದ್ದು. ಅವಳು ಲಾಕರಿಗೆ ಹೋಗಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಆ ಇನ್ನೊಂದು ಜೊತೆಯನ್ನು ಹಾಕಿಕೊಂಡು ಬಂದಿದ್ದಳು.

“ಇಲ್ಲ ಅಕ್ಕ, ಒಂದು ಗ್ರಾಂ ಗೋಲ್ಡು” ಅಂದಳು, ಪೂರ್ತಿ ಛತ್ರಕ್ಕೆ ಕೇಳುವ ಹಾಗೆ. “ಇವರು ತಂದಿದ್ದು.”